ಕಲ್ಲಿನ ಬರಹ, ಬೆಳಕಿನ ಪಡಿಯಚ್ಚು

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸದ ಪಠ್ಯ)



ನೂರು ವರ್ಷ ತುಂಬಿದ ಶಾಲೆಯೊಂದು ತನ್ನ ಹಬ್ಬದ ದಿನ ತನ್ನ ಹಿರಿಮೆಯನ್ನು ಹೇಳಿಕೊಳ್ಳುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಮೊದಲು ಮಾತನಾಡಿದ ಹಿರಿಯರು ಪ್ರೀತಿಯಿಂದ ನೆರವೇರಿಸಿದ್ದಾರೆ. ನಾವು ಇಂದು ನಮ್ಮದೊಂದು ತಪ್ಪನ್ನು ಹೇಳಿಕೊಂಡು, ಅದರಿಂದ ಕಲಿತ ಪಾಠವನ್ನು ನಿಮ್ಮ ಮುಂದಿಡಬೇಕೆಂದು ನಿಂತಿದ್ದೇವೆ. ಆ ಪಾಠ ಪ್ರಾಚೀನ ಶಿಲ್ಪಗಳನ್ನೂ ಶಾಸನಗಳನ್ನೂ ಲೇಸರ್ ಬೆಳಕಿನಿಂದ ಅಳೆದು ಉಳಿಸುವ ಹೊಸ ವಿದ್ಯೆಗೆ ಸಂಬಂಧಿಸಿದ್ದು. ವಿಷಯ ಯಂತ್ರದ್ದಾದರೂ ಕೊನೆಗೆ ಅದು ಕನ್ನಡ ಓದುವ ಮಕ್ಕಳ ವಿಷಯವೇ ಆಗುತ್ತದೆ. ಹೇಗೆಂಬುದನ್ನು ಒಂದೊಂದಾಗಿ ನಿವೇದಿಸುತ್ತೇವೆ.

ನಮ್ಮ ಶಾಲೆಯ ಆವರಣದ ಹಿಂಬದಿಯಲ್ಲಿ, ಬೇವಿನ ಮರದ ಬುಡದಲ್ಲಿ, ಒಂದು ಕಲ್ಲು ಇರುವುದು ನಿಮಗೆಲ್ಲ ನೆನಪಿದ್ದೀತು. ಎಷ್ಟೋ ತಲೆಮಾರುಗಳ ಮಕ್ಕಳು ಅದರ ಮೇಲೆ ಕುಳಿತು ಬುತ್ತಿ ಉಂಡಿದ್ದಾರೆ. ಮೊನ್ನೆ ಹಿರಿಯ ವಿದ್ಯಾರ್ಥಿಯೊಬ್ಬರು ಬಂದವರು ಅದನ್ನು ತಡವಿ, “ಮೇಡಮ್ಮೋರೆ, ಈ ಕಲ್ಲಿನ ಮ್ಯಾಲೆ ನಾವು ಬಳಪ ಉಜ್ಜಿ ಚೂಪು ಮಾಡ್ಕೊಂತಿದ್ವಿ” ಎಂದು ನಕ್ಕರು. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಮೊದಲು ಕಾಂಪೌಂಡು ಗೋಡೆಗೆ ಸುಣ್ಣ ಹೊಡೆಯುವಾಗ ಆ ಕಲ್ಲಿಗೂ ಒಂದು ಕೈ ಸುಣ್ಣ ಬಳಿಯುವುದು ಪದ್ಧತಿಯಾಗಿತ್ತು. ಅದೊಂದು ವೀರಗಲ್ಲೆಂದು, ಮೂರು ಪಟ್ಟಿಕೆಗಳ ನಡುವೆ ಬರಹವಿದೆಯೆಂದು ಗಮನಿಸಿದವಳು ಏಳನೆಯ ತರಗತಿಯ ಒಬ್ಬ ಹುಡುಗಿ. ಮಳೆ ಬಂದು ನಿಂತ ಸಂಜೆ, ಓರೆಯಾಗಿ ಬಿದ್ದ ಬಿಸಿಲಿನಲ್ಲಿ, ಸುಣ್ಣದ ಅಡಿಯಿಂದ ಅಕ್ಷರಗಳ ಸಾಲು ಅವಳ ಕಣ್ಣಿಗೆ ಬಿದ್ದಿತ್ತು.

ನಮಗಾದ ಸಂತೋಷ ಅಷ್ಟಿಷ್ಟಲ್ಲ. ಶತಮಾನೋತ್ಸವಕ್ಕೆ ಇದಕ್ಕಿಂತ ಶುಭಶಕುನ ಬೇಕೆ ಎಂದುಕೊಂಡೆವು. ಕಲ್ಲನ್ನು ಶುಚಿ ಮಾಡಿಸಿ, ಕಟ್ಟೆ ಕಟ್ಟಿಸಿ, ಗೌರವದಿಂದ ನಿಲ್ಲಿಸಬೇಕೆಂದು ತೀರ್ಮಾನಿಸಿದೆವು. ಸುಣ್ಣದ ಪದರಗಳನ್ನು ಚಿಕ್ಕ ಉಳಿಯಿಂದ ಎಬ್ಬಿಸಿ ತಂತಿ ಬ್ರಷ್ಷಿನಿಂದ ಉಜ್ಜುವಂತೆ ಕೆಲಸದವರಿಗೆ ಹೇಳಿದವರು ನಾವೇ. ಅವರು ಹೇಳಿದಂತೆ ಮಾಡಿದರು, ಅವರದೇನೂ ತಪ್ಪಿಲ್ಲ. ಬಿಸಿಲು ಮಳೆಗೆ ಮೇಲ್ಮೈ ಸಡಿಲಗೊಂಡಿದ್ದ ಕಲ್ಲು ಸುಣ್ಣದ ಜೊತೆಗೆ ಚಕ್ಕೆ ಚಕ್ಕೆಯಾಗಿ ಎದ್ದು ಬಂದಿತು. ಸಂಜೆಯ ಹೊತ್ತಿಗೆ ಮೇಲಿನ ಸಾಲುಗಳು ಇರಲಿಲ್ಲ. ವೀರಗಲ್ಲಿನ ಬರಹದಲ್ಲಿ ಸಾಮಾನ್ಯವಾಗಿ ಕಾಲ, ಆಳುತ್ತಿದ್ದ ಅರಸು, ವೀರನ ಊರು ಹೆಸರು ಮೊದಲಿಗೇ ಬರುತ್ತವೆ. ಅಷ್ಟೂ ಹೋಯಿತು. ಅದರ ಒಂದು ಫೋಟೋವನ್ನು ಕೂಡ ನಾವು ಮೊದಲು ತೆಗೆದಿರಿಸಿರಲಿಲ್ಲ.

ಅಜ್ಞಾನದಿಂದ ಕೆಟ್ಟದ್ದನ್ನು ಕ್ಷಮಿಸಬಹುದೇನೋ. ಇದು ಅಭಿಮಾನದಿಂದ ಕೆಟ್ಟದ್ದು. ಈ ಮಾತನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ: ನಿಮ್ಮ ನಿಮ್ಮ ಊರುಗಳಲ್ಲಿ ಗುಡಿಗಳ ಜೀರ್ಣೋದ್ಧಾರ ನಡೆಯುತ್ತಲೇ ಇರುತ್ತದೆ. ನಾವು ಮಾಡಿದ್ದನ್ನು ನೀವು ಮಾಡಬಾರದು.

ಈಗ ವಿಷಯಕ್ಕೆ ಬರೋಣ. ಕಲ್ಲನ್ನು ಮುಟ್ಟುವ ಮೊದಲೇ ಅದರ ರೂಪವನ್ನು ಪೂರ್ತಿಯಾಗಿ ದಾಖಲಿಸಿಡುವ ಉಪಾಯವಿದೆಯೆ? ಇದೆ, ಅದರ ಹಳೆಯ ರೂಪ ನೂರು ವರ್ಷಕ್ಕಿಂತ ಹಿಂದಿನದು. ಶಾಸನತಜ್ಞರು ಅದನ್ನು ಮಸಿಪಡಿಯಚ್ಚು ಎನ್ನುತ್ತಾರೆ. ಕಲ್ಲನ್ನು ಮೃದುವಾಗಿ ತೊಳೆದು, ನೆನೆಸಿದ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿದರೆ ಕಾಗದ ಅಕ್ಷರದ ಗುಳಿಗಳೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದಾಗ ಕಲ್ಲಿನ ಮೈ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳನ್ನು ಹೊರತಂದು ಮೈಸೂರು ಸಂಸ್ಥಾನದ ಹಾಗೂ ಕೊಡಗಿನ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದರು. ನಮ್ಮ ಸೀಮೆ ಆಗ ಮದ್ರಾಸು ಆಧಿಪತ್ಯದಲ್ಲಿತ್ತು. ಇಲ್ಲಿಯ ಕನ್ನಡ ಶಾಸನಗಳು 1939 ಹಾಗೂ 1941ರಲ್ಲಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದ ಎರಡು ಭಾಗಗಳಲ್ಲಿ ಆರ್. ಶಾಮಶಾಸ್ತ್ರಿ ಹಾಗೂ ಎನ್. ಲಕ್ಷ್ಮೀನಾರಾಯಣರಾವ್ ಅವರ ಸಂಪಾದಕತ್ವದಲ್ಲಿ ಅಚ್ಚಾದವು. ‘ಮದ್ರಾಸು ಆಧಿಪತ್ಯದ ಕನ್ನಡ ಶಾಸನಗಳು’ ಎಂಬ ಅದರ ಹೆಸರೇ ನಮ್ಮ ಸ್ಥಿತಿಯನ್ನು ಹೇಳುವಂತಿದೆ.

ಮಸಿಪಡಿಯಚ್ಚು ಬರಹವನ್ನು ಹಿಡಿಯುತ್ತದೆ, ಆದರೆ ಆಳವನ್ನು ಹಿಡಿಯಲಾರದು. ಬಿರುಕು ಯಾವುದು, ಗೆರೆ ಯಾವುದು ಎಂಬ ಸಂದೇಹ ಅದರಲ್ಲಿ ಉಳಿಯುತ್ತದೆ. ಉಬ್ಬುಶಿಲ್ಪಕ್ಕೆ, ಬಿಡಿ ಮೂರ್ತಿಗೆ ಅದು ಒದಗದು. ಅಲ್ಲಿಯೇ ಬೆಳಕಿನ ಪಡಿಯಚ್ಚು ನೆರವಿಗೆ ಬರುತ್ತದೆ.

ಮಕ್ಕಳಿಗೂ ತಿಳಿಯುವಂತೆ ಹೇಳುತ್ತೇವೆ. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಓಡುತ್ತದೆ. ಒಂದು ಮೀಟರು ದೂರ ಹೋಗಿ ಮರಳಿ ಬರಲು ಅದಕ್ಕೆ ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಏಳು ಪಾಲು ಸಾಕು. ಮುಕ್ಕಾಲಿಯ ಮೇಲೆ ನಿಲ್ಲಿಸಿದ ಯಂತ್ರ ಸುತ್ತ ತಿರುಗುತ್ತಾ ಲೇಸರ್ ಕಿರಣವನ್ನು ಬಿಟ್ಟು, ಅದು ಗೋಡೆಗೆ ತಗುಲಿ ಮರಳಿದ ಕಾಲವನ್ನು ಅಳೆದು, ದೂರವನ್ನು ಲೆಕ್ಕ ಹಾಕುತ್ತದೆ. ಸೆಕೆಂಡಿಗೆ ಸಾವಿರಾರು, ಇಂದಿನ ಯಂತ್ರಗಳಲ್ಲಿ ಲಕ್ಷಾಂತರ ಬಿಂದುಗಳು ಹೀಗೆ ದಾಖಲಾಗುತ್ತವೆ. ಎಲ್ಲವೂ ಸೇರಿದಾಗ ಗಣಕದ ಪರದೆಯ ಮೇಲೆ ಗುಡಿಯ ಆಕಾರದ ಬಿಂದುಗಳ ಮೋಡವೊಂದು ಮೂಡುತ್ತದೆ. ಗುಡಿ ಗೋಪುರಗಳಿಗೆ ಈ ಕ್ರಮ ಸೂಕ್ತ.

ಅಕ್ಷರದ ಕೊರೆತ ಎರಡು ಮೂರು ಮಿಲಿಮೀಟರು ಆಳದ್ದು. ಅದಕ್ಕೆ ಇನ್ನೂ ಸೂಕ್ಷ್ಮವಾದ ಕ್ರಮ ಬೇಕು. ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನ ಗೆರೆ ನೆಲದ ಮೇಲೆ ನೇರವಾಗಿರುತ್ತದೆ. ಅಲ್ಲಿ ಒಂದು ಚೆಂಬನ್ನು ಇಟ್ಟರೆ ಅದರ ಮೈಮೇಲೆ ಗೆರೆ ಬಾಗುತ್ತದೆ. ಆ ಬಾಗನ್ನು ಪಕ್ಕದಿಂದ ನೋಡಿ ಚೆಂಬಿನ ಉಬ್ಬನ್ನು ಲೆಕ್ಕ ಹಾಕಬಹುದು. ಹತ್ತಿರದಿಂದ ಅಳೆಯುವ ಸ್ಕ್ಯಾನರ್ ಮಾಡುವುದು ಇದನ್ನೇ. ಲೇಸರ್ ಗೆರೆಯನ್ನು ಕಲ್ಲಿನ ಮೇಲೆ ಹರಿಸಿ, ಕೋನ ಬಿಟ್ಟು ಕೂಡಿಸಿದ ಕ್ಯಾಮೆರಾದಿಂದ ಅದರ ಬಾಗನ್ನು ಓದುತ್ತದೆ. ಕೆಲವು ಯಂತ್ರಗಳು ಲೇಸರ್ ಬದಲು ಸಾಧಾರಣ ಬೆಳಕಿನಲ್ಲೇ ಪಟ್ಟೆಪಟ್ಟೆಯಾದ ಮಾದರಿಯನ್ನು ಚೆಲ್ಲುತ್ತವೆ. ತತ್ತ್ವ ಒಂದೇ. ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಏರಿಳಿತವೂ ಇದಕ್ಕೆ ಸಿಗುತ್ತದೆ. ಆಮೇಲೆ ಪರದೆಯ ಮೇಲಿನ ಕಲ್ಲಿನಿಂದ ಬಣ್ಣವನ್ನು, ಕಲೆಗಳನ್ನು, ಪಾಚಿಯನ್ನು ತೆಗೆದುಹಾಕಿ ಬರಿಯ ಆಕಾರವನ್ನು ಉಳಿಸಿಕೊಳ್ಳಬಹುದು. ಬೇಕಾದ ಕಡೆಯಿಂದ ಬೆಳಕು ಬಿಡಬಹುದು. ಮಳೆ ನಿಂತ ಸಂಜೆಯ ಓರೆ ಬಿಸಿಲು ನಮ್ಮ ಹುಡುಗಿಗೆ ತೋರಿಸಿದ್ದನ್ನು ಯಂತ್ರ ಯಾವ ಹೊತ್ತಿನಲ್ಲಾದರೂ ತೋರಿಸುತ್ತದೆ.

ಇದು ಜಗತ್ತಿನಲ್ಲಿ ಎಲ್ಲೆಲ್ಲಿ ನಡೆದಿದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1999ರಲ್ಲಿ ಇಟಲಿಯಲ್ಲಿರುವ ಮೈಕೆಲೆಂಜೆಲೊನ ಡೇವಿಡ್ ಮೂರ್ತಿಯನ್ನು ಉಳಿಯ ಗುರುತು ಕಾಣುವಷ್ಟು ಸೂಕ್ಷ್ಮವಾಗಿ ಲೇಸರಿನಿಂದ ಅಳೆದರು. 2001ರಲ್ಲಿ ಅಫ್ಘಾನಿಸ್ತಾನದ ಬಾಮಿಯಾನ್ ಬುದ್ಧ ಮೂರ್ತಿಗಳನ್ನು ಸಿಡಿಸಿದಾಗ ನೊಂದ ಬೆನ್ ಕಾಸಿರಾ ಎಂಬ ಇರಾಕ್ ಮೂಲದ ಎಂಜಿನಿಯರು, ಹೊತ್ತು ಒಯ್ಯಬಲ್ಲ ಸ್ಕ್ಯಾನರನ್ನು ರೂಪಿಸಿದವರಲ್ಲೊಬ್ಬರು, 2003ರಲ್ಲಿ ಸೈಆರ್ಕ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರು 2009ರಲ್ಲಿ ಉಗಾಂಡದ ಕಸೂಬಿ ಸಮಾಧಿಗಳನ್ನು ದಾಖಲಿಸಿದರು; ಮರುವರ್ಷವೇ ಅವು ಬೆಂಕಿಗೆ ಆಹುತಿಯಾದವು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನು ಆಂಡ್ರೂ ಟ್ಯಾಲನ್ ಎಂಬ ಪ್ರಾಧ್ಯಾಪಕರು 2010ರಲ್ಲಿ ನೂರು ಕೋಟಿಗೂ ಮೀರಿದ ಬಿಂದುಗಳಲ್ಲಿ ಅಳೆದಿಟ್ಟಿದ್ದರು. 2019ರ ಏಪ್ರಿಲಿನಲ್ಲಿ ಚರ್ಚಿನ ಚಾವಣಿ ಉರಿಯಿತು. ಟ್ಯಾಲನ್ ಅದಕ್ಕೆ ಕೆಲವೇ ತಿಂಗಳ ಮೊದಲು ತೀರಿಕೊಂಡಿದ್ದರು. ಅವರ ಅಳತೆಗಳು ಉಳಿದಿದ್ದವು. ನಮ್ಮ ದೇಶದಲ್ಲಿ ಗುಜರಾತಿನ ಪಾಟಣದ ರಾಣಿ ಕೀ ವಾವ್ ಬಾವಿಯನ್ನು 2011ರಲ್ಲಿ ಹೀಗೆ ದಾಖಲಿಸಲಾಯಿತು. ಹಂಪಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೈಗೊಂಡ ಡಿಜಿಟಲ್ ಪರಂಪರೆ ಯೋಜನೆಯಲ್ಲಿ ನಮ್ಮ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನವರೂ ಪಾಲ್ಗೊಂಡರು.

ಕನ್ನಡಿಗರು ವಿಶೇಷವಾಗಿ ಅರಿತಿರಬೇಕಾದ ಕಾರ್ಯ ಬೆಂಗಳೂರಿನಲ್ಲಿ ನಡೆಯುತ್ತಿದೆ. ಅಲ್ಲಿಯ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. ಸುಮಾರು 750ರದ್ದು, ಕಾದಿ ಸತ್ತ ಕಿತ್ತಯ್ಯ ಎಂಬ ವೀರನ ನೆನಪಿನ ಕಲ್ಲು. ಬೆಂಗಳೂರು ಪ್ರದೇಶದ ಅತ್ಯಂತ ಹಳೆಯ ಕನ್ನಡ ಬರಹಗಳಲ್ಲಿ ಅದು ಒಂದು. ಅದನ್ನು ಉಳಿಸಲು ಮುಂದಾದವರು ಸಾಮಾನ್ಯ ನಾಗರಿಕರು, ಶಾಸನಪ್ರಿಯರು. ಆ ಬಳಗದ ಪಿ. ಎಲ್. ಉದಯಕುಮಾರ್ ಅವರ ನೇತೃತ್ವದಲ್ಲಿ, 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಲ್ಲಿ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆಯನ್ನು ಆರಂಭಿಸಿತು. ರೈಸ್ ಅವರ ಸಂಪುಟವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಹೇಳಿದ ಊರಿಗೆ ಹೋಗಿ, ಕಲ್ಲು ಇನ್ನೂ ಇದೆಯೆ ಎಂದು ಹುಡುಕಿ, ಇದ್ದದ್ದನ್ನು ಸ್ಕ್ಯಾನ್ ಮಾಡುವ ಕೆಲಸ ಅದು. ರಸ್ತೆ ಅಗಲಿಸುವಾಗ, ಕಟ್ಟಡ ಏಳುವಾಗ ಕಾಣೆಯಾದವೂ ಇವೆ. ಸಿಕ್ಕ ಕಲ್ಲುಗಳಲ್ಲಿ ಹಿಂದಿನವರ ಓದಿನಲ್ಲಿ ಬಿಟ್ಟುಹೋದ ಅಕ್ಷರಗಳು ಸ್ಪಷ್ಟವಾಗಿವೆ. ಶಾಸನಗಳ ಒಂದೊಂದು ಅಕ್ಷರದ ಚಿತ್ರವನ್ನೂ ಜೋಡಿಸಿ ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವನ್ನು ಸಾರ್ವಜನಿಕರಿಗೆ ಒದಗಿಸಿದ್ದಾರೆ. ಸುಮಾರು 890ರ ಬೇಗೂರು ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಬರುವುದನ್ನು ಇಂದು ಯಾವ ಮಗುವೂ ಪರದೆಯ ಮೇಲೆ ನೋಡಿ ತಿಳಿಯಬಹುದು.

ಇಷ್ಟು ಕೇಳಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಪ್ರಶ್ನೆಯೊಂದು ಏಳುವುದು ಸಹಜ. ನಮ್ಮ ಸೀಮೆಯ ಗತಿ ಏನು?

ಈ ಶಾಲೆ ಆರಂಭವಾದಾಗ ರಾಯದುರ್ಗ ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ನಾವು ಅನಂತಪುರ ಜಿಲ್ಲೆಯವರಾದೆವು. 1956ರಲ್ಲಿ ರಾಜ್ಯದ ಹೆಸರು ಆಂಧ್ರಪ್ರದೇಶವಾಯಿತು. 2022ರಲ್ಲಿ ಅನಂತಪುರ ಜಿಲ್ಲೆ ಇಬ್ಭಾಗವಾಗಿ, ನಮ್ಮ ನೆಂಟರಿಷ್ಟರಿರುವ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಶಾಲೆ ಒಂದಡಿಯೂ ಕದಲಲಿಲ್ಲ. ವಿಳಾಸ ಮಾತ್ರ ಬದಲಾಗುತ್ತಾ ಬಂತು. ಇದರಲ್ಲಿ ಯಾರ ಮೇಲೂ ನಮಗೆ ದೂರಿಲ್ಲ. ತೆಲುಗು ನಮ್ಮ ಬೀದಿಯ ಭಾಷೆ, ನೆರೆಮನೆಯ ಭಾಷೆ. ಅದರ ಅನ್ನವನ್ನೂ ಉಂಡಿದ್ದೇವೆ. ಆದರೆ ಗಡಿಯ ಕಲ್ಲುಗಳಿಗೆ ಒಂದು ತೊಂದರೆ ಇದೆ. ಕರ್ನಾಟಕದ ಯೋಜನೆ ಗಡಿಯವರೆಗೆ ಬಂದು ನಿಲ್ಲುತ್ತದೆ. ಈಚೆಯ ಕಡೆ ಕಲ್ಲು ಇದೆಯೆಂಬುದು ತಿಳಿದರೂ ಅದರ ಭಾಷೆಯನ್ನು ಓದುವವರು ಕಡಿಮೆ. ಹೀಗೆ ಎರಡು ಮನೆಯ ನಡುವಣ ಗೋಡೆಯಂತೆ ಅವು ಯಾರ ಸುಣ್ಣವನ್ನೂ ಕಾಣದೆ, ಅಥವಾ ನಮ್ಮಲ್ಲಿ ಆದಂತೆ ಅತಿಯಾಗಿ ಕಂಡು, ಹಾಳಾಗುತ್ತವೆ.

ಆ ಕಲ್ಲುಗಳು ಅಲ್ಪವಾದವಲ್ಲ. ರಾಯದುರ್ಗದಲ್ಲಿ ಹರಿಹರನ ಆಳ್ವಿಕೆಯ, ಕ್ರಿ.ಶ. 1355ರ ಜಿನಬಿಂಬದ ಶಾಸನವಿದೆ. ಬೆಟ್ಟದಲ್ಲಿ ಜೈನ ಶಿಲ್ಪಗಳಿವೆ. ಮಡಕಶಿರಾ ಸೀಮೆಯ ಅಮರಾಪುರದ ಬಳಿಯ ಹೇಮಾವತಿ ಹಿಂದಿನ ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದ ನೊಳಂಬರ ರಾಜಧಾನಿ. ಕಳೆದ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆವು. ದೊಡ್ಡೇಶ್ವರನ ಗುಡಿಯ ನಯವಾದ ಕರಿಗಲ್ಲನ್ನು, ಸಿದ್ಧೇಶ್ವರನ ಕುಳಿತ ಮೂರ್ತಿಯನ್ನು, ಆವರಣದಲ್ಲಿ ಸಾಲಾಗಿ ಇಟ್ಟಿರುವ ಬಿಡಿ ಶಿಲ್ಪಗಳನ್ನು ನೋಡುತ್ತಾ ಬಂದ ಮಗುವೊಂದು, “ಉಳಿದವು ಎಲ್ಲಿವೆ?” ಎಂದು ಕೇಳಿತು.

ಉಳಿದವು ದೂರದಲ್ಲಿವೆ. ಹೇಮಾವತಿಯ ನೊಳಂಬ ಶಿಲ್ಪಗಳು ಹಲವು ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ; ಸಿ. ಶಿವರಾಮಮೂರ್ತಿಯವರು 1964ರಲ್ಲಿ ಅವುಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ತಂಜಾವೂರಿನ ಬಳಿಯ ತಿರುವೈಯಾರಿನ ದೇವಾಲಯದಲ್ಲಿ ನೊಳಂಬ ಶೈಲಿಯ ಕೆತ್ತನೆಯ ಕಂಬಗಳಿವೆ. ಚೋಳರ ದಂಡಯಾತ್ರೆಯ ಕಾಲದಲ್ಲಿ ಅವು ನೊಳಂಬವಾಡಿಯಿಂದ ಸಾಗಿಹೋದವೆಂದು ಕಲಾ ಇತಿಹಾಸಕಾರರ ಅಭಿಪ್ರಾಯ. ವಸ್ತುಸಂಗ್ರಹಾಲಯದಲ್ಲಿ ಅವು ಸುರಕ್ಷಿತವಾಗಿ ಉಳಿದಿವೆ ಎಂಬುದಕ್ಕೆ ನಾವು ಕೃತಜ್ಞರು. ಆದರೂ ಹೇಮಾವತಿಯ ಮಗು ತನ್ನ ಊರಿನ ಶಿಲ್ಪವನ್ನು ನೋಡಲು ರೈಲು ಹತ್ತಬೇಕಾಗಿದೆ.

ಇಲ್ಲಿ ವೆನಿಸ್ ನಗರದ ಒಂದು ನಿದರ್ಶನ ನೆನಪಿಗೆ ಬರುತ್ತದೆ. ಅಲ್ಲಿಯ ಮಠವೊಂದರ ಊಟದ ಮನೆಗಾಗಿ ಚಿತ್ರಕಾರ ವೆರೊನೀಸ್ ಬಿಡಿಸಿದ್ದ ಬೃಹತ್ ಚಿತ್ರವನ್ನು 1797ರಲ್ಲಿ ನೆಪೋಲಿಯನ್ನನ ಸೈನಿಕರು ಪ್ಯಾರಿಸ್ಸಿಗೆ ಒಯ್ದರು. ಅದು ಮರಳಲಿಲ್ಲ. ಫ್ಯಾಕ್ಟಮ್ ಆರ್ಟೆ ಎಂಬ ಸಂಸ್ಥೆಯವರು ಮೂಲವನ್ನು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ, ಅದೇ ಅಳತೆಯ ಪ್ರತಿಯನ್ನು ಸಿದ್ಧಪಡಿಸಿ, 2007ರಲ್ಲಿ ಹಳೆಯ ಗೋಡೆಯ ಮೇಲೆ ನಿಲ್ಲಿಸಿದರು. ಮೂಲ ಪ್ಯಾರಿಸ್ಸಿನಲ್ಲೇ ಇದೆ; ಆದರೆ ಯಾವ ಕಿಟಕಿಯ ಬೆಳಕಿಗಾಗಿ ಆ ಚಿತ್ರ ರಚಿತವಾಗಿತ್ತೋ ಆ ಬೆಳಕಿನಲ್ಲಿ ಅದನ್ನು ನೋಡುವ ಭಾಗ್ಯ ಊರಿನವರಿಗೆ ಮರಳಿತು. ಅದೇ ಸಂಸ್ಥೆ ಈಜಿಪ್ಟಿನ ತುತನ್‌ಖಾಮನ್ ಸಮಾಧಿಯ ಪ್ರತಿಯನ್ನೂ ಮಾಡಿದೆ. ಪ್ರವಾಸಿಗರ ಉಸಿರಿನ ತೇವದಿಂದ ಮೂಲದ ಬಣ್ಣ ಕೆಡದಿರಲೆಂದು 2014ರಲ್ಲಿ ಅದನ್ನು ಲಕ್ಸರ್ ಬಳಿ ತೆರೆಯಲಾಯಿತು. ಚೆನ್ನೈಯಲ್ಲಿರುವ ನೊಳಂಬ ಶಿಲ್ಪಗಳನ್ನೂ ಯಾರ ಒಡೆತನವನ್ನೂ ಕದಲಿಸದೆ ಸ್ಕ್ಯಾನ್ ಮಾಡಿ, ಪ್ರತಿಗಳನ್ನು ಹೇಮಾವತಿಯಲ್ಲಿ ಇಡಬಹುದಲ್ಲವೆ? ಯಂತ್ರ ಕೊರೆದ ರೂಪಕ್ಕೆ ನಮ್ಮ ಶಿಲ್ಪಿಗಳೇ ಕೊನೆಯ ಕೈ ಕೊಡಬಹುದು. ಇದನ್ನು ಎರಡೂ ರಾಜ್ಯಗಳ ಮುಂದೆ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮುಂದೆ ಮನವಿಯಾಗಿ ಇಡೋಣವೆಂದು ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿಸುತ್ತೇವೆ.

ಪ್ರತಿ ಮಾಡುವುದರಲ್ಲಿ ಎಚ್ಚರವೂ ಬೇಕು. ಸ್ಕ್ಯಾನ್ ಆಗಿದೆಯಲ್ಲ, ಇನ್ನು ಮೂಲ ಹೋದರೂ ಚಿಂತೆಯಿಲ್ಲ ಎಂಬ ಭಾವನೆ ಬಂದರೆ ಈ ವಿದ್ಯೆಯೇ ಶತ್ರುವಾದೀತು. ಅಳತೆ ಮಾಡಿದವನಿಗೆ ತೋಚದ ಪ್ರಶ್ನೆಗೆ ಉತ್ತರ ಮೂಲದಲ್ಲಿ ಮಾತ್ರ ಇರುತ್ತದೆ: ಕಲ್ಲು ಯಾವ ಗಣಿಯದು, ಬಣ್ಣ ಯಾವ ಗಿಡದ್ದು ಎಂಬಂಥವು ಆಕಾರದಲ್ಲಿ ಸಿಗಲಾರವು. ಹಿಂದೂಪುರದ ಬಳಿಯ ಲೇಪಾಕ್ಷಿಯ ಚಾವಣಿ ಚಿತ್ರಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಎರಡನೆಯದು, ಕಾಗದಕ್ಕಿರುವ ಆಯುಸ್ಸು ಗಣಕದ ಕಡತಕ್ಕೆ ತಾನಾಗಿ ಬರುವುದಿಲ್ಲ. ನೂರು ವರ್ಷದ ಹಿಂದಿನ ನಮ್ಮ ದಾಖಲಾತಿ ಪುಸ್ತಕವನ್ನು ಇಂದೂ ಓದಬಹುದು. ಇಪ್ಪತ್ತೈದು ವರ್ಷದ ಹಿಂದೆ ಇದೇ ಶಾಲೆಯಲ್ಲಿ ಫ್ಲಾಪಿಯಲ್ಲಿ ತುಂಬಿಟ್ಟ ಅಂಕಪಟ್ಟಿಯನ್ನು ಓದುವ ಯಂತ್ರ ನಮ್ಮಲ್ಲಿಲ್ಲ. ಆದ್ದರಿಂದ ಕಡತವನ್ನು ಹಲವು ಕಡೆ ಇಟ್ಟು, ಕೆಲವು ವರ್ಷಕ್ಕೊಮ್ಮೆ ಹೊಸ ರೂಪಕ್ಕೆ ವರ್ಗಾಯಿಸುತ್ತಿರಬೇಕು.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮಿಂದ ದೂರವಲ್ಲದ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬರೆದವನು ಚಪಡ ಎಂಬ ಲಿಪಿಕಾರ; ಕೊನೆಯಲ್ಲಿ ತನ್ನ ಹೆಸರನ್ನೂ ಕೊರೆದಿದ್ದಾನೆ. ಎರಡು ಸಾವಿರ ವರ್ಷಕ್ಕೂ ಮೀರಿ ಆ ಬಂಡೆ ಉಳಿದು ಬಂದಿತು. ಸುತ್ತಲಿನ ಜನ ಅದನ್ನು ಅಕ್ಷರಗುಂಡು ಎಂದು ಕರೆದರು. ಅಕ್ಷರವೆಂಬುದು ಅವರಿಗೆ ಗೊತ್ತಿತ್ತು, ಯಾವ ಅಕ್ಷರವೆಂಬುದು ಗೊತ್ತಿರಲಿಲ್ಲ. ಬ್ರಾಹ್ಮೀ ಲಿಪಿಯನ್ನು ಓದುವವರ ಪರಂಪರೆ ಕಡಿದುಹೋಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಬಿಡಿಸಬೇಕಾಯಿತು. 1892ರಲ್ಲಿ ರೈಸ್ ಅವರು ಬ್ರಹ್ಮಗಿರಿಗೆ ಬರಬೇಕಾಯಿತು. ಆಕಾರ ಉಳಿದ ಮಾತ್ರಕ್ಕೆ ಬರಹ ಉಳಿಯುವುದಿಲ್ಲ. ಓದುವವರಿದ್ದರೆ ಮಾತ್ರ ಅದು ಬರಹ. ಯಾವ ಲೇಸರಿಗೂ ಓದುಗನನ್ನು ಸ್ಕ್ಯಾನ್ ಮಾಡಿಡುವ ಶಕ್ತಿಯಿಲ್ಲ. ಓದುಗನನ್ನು ಶಾಲೆಯೇ ತಯಾರು ಮಾಡಬೇಕು.

ಈಗ ನಮ್ಮ ಕಲ್ಲಿಗೆ ಮರಳುತ್ತೇವೆ. ಆ ದುರ್ದಿನದ ಬಳಿಕ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಊರಿಗೆ ಬಂದಿದ್ದನು. ದುಬಾರಿ ಸ್ಕ್ಯಾನರ್ ತರುವ ಶಕ್ತಿ ನಮಗಿರಲಿಲ್ಲ. ಅವನು ಕಲ್ಲಿನ ಸುತ್ತ ಅಂಗುಲಂಗುಲ ಸರಿಯುತ್ತಾ ತನ್ನ ಫೋನಿನಲ್ಲೇ ನೂರಾರು ಚಿತ್ರಗಳನ್ನು ತೆಗೆದನು. ಹಲವು ಕೋನದ ಚಿತ್ರಗಳನ್ನು ಹೋಲಿಸಿ ಆಕಾರವನ್ನು ಕಟ್ಟುವ ಈ ಕ್ರಮಕ್ಕೆ ಫೋಟೊಗ್ರಾಮೆಟ್ರಿ ಎಂದು ಹೆಸರು. ಲೇಸರಿನಷ್ಟು ನಿಖರವಲ್ಲದಿದ್ದರೂ ಬಡವರ ಪಾಲಿಗೆ ಅದು ದೊಡ್ಡ ಉಪಕಾರಿ. ಎರಡು ದಿನದ ನಂತರ ನಮ್ಮ ಗಣಕದ ಕೊಠಡಿಯಲ್ಲಿ ಮಕ್ಕಳೆಲ್ಲ ಸೇರಿದರು. ಪರದೆಯ ಮೇಲಿನ ಬೂದುಬಣ್ಣದ ಕಲ್ಲಿಗೆ ಎಡಗಡೆಯಿಂದ ಬೆಳಕು ಬಿಟ್ಟಾಗ, ಕೆಳಗಿನ ಪಟ್ಟಿಕೆಯಲ್ಲಿ ಉಳಿದಿದ್ದ ಅಕ್ಷರಗಳು ಒಂದೊಂದಾಗಿ ಎದ್ದವು.

ಮೊದಲು ಓದಿದ್ದು ಅದೇ ಹುಡುಗಿ. ‘ತು’ ಎಂದಳು, ಮುಂದಿನ ಅಕ್ಷರದಲ್ಲಿ ತಡೆದಳು. ಅದು ಇಂದಿನ ವರ್ಣಮಾಲೆಯಲ್ಲಿ ಬಳಕೆ ತಪ್ಪಿರುವ ಶಕಟರೇಫ, ‘ಱ’. ಕನ್ನಡ ಪಂಡಿತರು ಅದನ್ನು ಹಲಗೆಯ ಮೇಲೆ ಬರೆದು ತೋರಿಸಿದರು. “ತುಱು” ಎಂದಿತು ಇಡೀ ಕೊಠಡಿ. ತುಱು ಎಂದರೆ ಹಸು. ಮುಂದೆ ನಾಲ್ಕಾರು ಅಕ್ಷರ ಅಸ್ಪಷ್ಟ. ಕೊನೆಯಲ್ಲಿ ‘ಸತ್ತ’ ಎಂಬುದು ಸ್ಪಷ್ಟ. ಹಸುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನ ಕಲ್ಲು ಅದು ಎಂಬುದು ನಮ್ಮ ಓದು. ಶಾಸನತಜ್ಞರು ನೋಡಿ ತಿದ್ದಬೇಕು. ಅವನು ಸತ್ತದ್ದು ಉಳಿದಿದೆ. ಅವನ ಹೆಸರು ನಮ್ಮ ಕೈಯಿಂದ ಹೋಯಿತು. ಆ ಹೊತ್ತಿನಲ್ಲಿ ಮಕ್ಕಳೊಬ್ಬರು ಕೇಳಿದರು, “ಹೆಸರು ಮತ್ತೆ ಸಿಗಲ್ವಾ ಮೇಡಂ?” ಎಂದು. ಸಿಗುವುದಿಲ್ಲ ಎಂದು ಹೇಳಿದೆವು. ನಮ್ಮ ಇಷ್ಟು ವರ್ಷದ ಅಧ್ಯಾಪನದಲ್ಲಿ ಮಕ್ಕಳ ಪ್ರಶ್ನೆಗೆ ಕೊಟ್ಟ ಅತ್ಯಂತ ಕಷ್ಟದ ಉತ್ತರ ಅದು.

ಆ ದಿನ ಇನ್ನೊಂದೂ ಮನವರಿಕೆಯಾಯಿತು. ಈ ಸೀಮೆಯಲ್ಲಿ ಆ ಎರಡು ಮಾತುಗಳನ್ನು ಗಟ್ಟಿಯಾಗಿ ಓದಬಲ್ಲ ಹನ್ನೆರಡು ವರ್ಷದವರು ಇರುವುದು ಕನ್ನಡ ಶಾಲೆಗಳಲ್ಲಿ ಮಾತ್ರ. ಪೋಷಕರೇ, ನಿಮ್ಮ ಆತಂಕ ನಮಗೆ ತಿಳಿಯದ್ದಲ್ಲ. ಕನ್ನಡದಲ್ಲಿ ಓದಿದರೆ ಈ ರಾಜ್ಯದಲ್ಲಿ ಕೆಲಸವೇನು, ಇಂಗ್ಲಿಷಿಗೆ ಹಾಕಿದರೆ ವಾಸಿಯಲ್ಲವೆ ಎಂದು ನೀವು ಕೇಳುವಾಗ ನಿಮ್ಮನ್ನು ತಪ್ಪೆನ್ನಲಾರೆವು. ನಮ್ಮ ತರಗತಿಗಳಲ್ಲಿ ಬೆಂಚುಗಳು ಮೊದಲಿನಂತೆ ತುಂಬುತ್ತಿಲ್ಲವೆಂಬುದನ್ನೂ ಮುಚ್ಚಿಡುವುದಿಲ್ಲ. ಇಂಗ್ಲಿಷು, ತೆಲುಗು, ಗಣಕ ಎಲ್ಲವನ್ನೂ ಚೆನ್ನಾಗಿ ಕಲಿಸುವುದು ನಮ್ಮ ಹೊಣೆ. ಆದರೆ ಕನ್ನಡದ ಓದು ಹೊಸ ವಿದ್ಯೆಗೆ ಅಡ್ಡಿಯೆಂಬ ಮಾತನ್ನು ಒಪ್ಪಲಾರೆವು. ಅಂದು ಕೊಠಡಿಯಲ್ಲಿ ಎರಡೂ ಒಂದಕ್ಕೊಂದು ಆಸರೆಯಾಗಿದ್ದವು. ಗಣಕ ಆಕಾರವನ್ನು ಎತ್ತಿಕೊಟ್ಟಿತು. ಕನ್ನಡ ಅದನ್ನು ಓದಿತು.

ಶತಮಾನೋತ್ಸವದ ನೆನಪಿಗೆ ನಾವು ಕೈಗೊಂಡಿರುವ ಸಂಕಲ್ಪಗಳು ಚಿಕ್ಕವು. ಶನಿವಾರ ಒಂದು ಅವಧಿಯನ್ನು ಹಳೆಯ ಲಿಪಿಯ ಓದಿಗೆ ಮೀಸಲಿಡುತ್ತೇವೆ. ಪ್ರತಿ ಮಗುವೂ ತನ್ನ ಊರಿನ ಒಂದು ಹಳೆಯ ಕಲ್ಲನ್ನು, ಅದನ್ನು ಉಜ್ಜದೆ, ಬಣ್ಣ ಹಚ್ಚದೆ, ಕುಂಕುಮ ಎಣ್ಣೆಗಳನ್ನೂ ಕೆರೆಯದೆ, ಮನೆಯವರ ಫೋನಿನಲ್ಲಿ ಸುತ್ತಲೂ ಚಿತ್ರ ತೆಗೆದು, ಇರುವ ಜಾಗವನ್ನು ಬರೆದು ತರಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಏನನ್ನೂ ಮಾಡುವುದಿಲ್ಲ. ಸಂಗ್ರಹವಾದದ್ದರ ಪ್ರತಿಯನ್ನು ಶಾಲೆಯಲ್ಲಿ, ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಇಟ್ಟು, ಮೈಸೂರಿನಲ್ಲಿರುವ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗಕ್ಕೂ ಕಳುಹಿಸುತ್ತೇವೆ. ಸಂಗ್ರಹವನ್ನು ಕಾಪಾಡುವ ವೆಚ್ಚದಲ್ಲಿ, ಕೌಶಲದಲ್ಲಿ ಹಳೆಯ ವಿದ್ಯಾರ್ಥಿಗಳು ಕೈಜೋಡಿಸಬೇಕೆಂದು ಕೋರುತ್ತೇವೆ. ಗ್ರಾಮದ ಹಿರಿಯರಲ್ಲಿ ನಮ್ಮ ಪ್ರಾರ್ಥನೆ ಒಂದೇ: ಗುಡಿಯ ಕೆಲಸ ಹಿಡಿಯುವ ಮುನ್ನ ಒಂದು ಸಂಜೆ ನಮ್ಮ ಮಕ್ಕಳಿಗೆ ಬಿಟ್ಟುಕೊಡಿ.

ಬೇವಿನ ಮರದ ಕೆಳಗಿನ ಕಲ್ಲಿಗೆ ಕಟ್ಟೆ ಕಟ್ಟಿದ್ದೇವೆ. ಸುಣ್ಣ ಬಳಿಯುವುದಿಲ್ಲ. ಪಕ್ಕದಲ್ಲಿ ಒಂದು ಫಲಕವನ್ನು ನಿಲ್ಲಿಸಿ, ಉಳಿದ ಅಕ್ಷರಗಳನ್ನು ಇಂದಿನ ಕನ್ನಡದಲ್ಲಿ ಬರೆಸಿದ್ದೇವೆ. ಹೋದ ಸಾಲುಗಳ ಜಾಗವನ್ನು ಖಾಲಿಯಾಗಿಯ��� ಬಿಡಿಸಿದ್ದೇವೆ. ಊಟದ ಬಿಡುವಿನಲ್ಲಿ ಒಮ್ಮೆ ಅತ್ತ ಹೋಗಿ ನೋಡಿ. ಓದಲು ತೊಡಕಾದರೆ ಅಲ್ಲಿ ಯಾವುದಾದರೂ ಮಗು ನಿಂತಿರುತ್ತದೆ, ಕೇಳಿ, ಓದಿ ಹೇಳುತ್ತದೆ.